ನಿದ್ದೆಗೊಂದು ಮಾತ್ರೆ ಕೇಳುವವರಿಗೆ

ಯುಗಾದಿ ಕಳೆದು ದಾವಣಗೆರೆಯ ಬಿಸಿಲು 38, 39 ಡಿಗ್ರಿ ಮುಟ್ಟುವ ಹೊತ್ತಿಗೆ ನಮ್ಮ ಔಷಧಿ ಅಂಗಡಿಯಲ್ಲಿ ಎರಡು ಬೇಡಿಕೆಗಳು ಹೆಚ್ಚುತ್ತವೆ. ಒಂದು ಓಆರ್‌ಎಸ್ ಪುಡಿ, ಇನ್ನೊಂದು ನಿದ್ದೆ ಮಾತ್ರೆ. ಮೊದಲನೆಯದನ್ನು ಜನ ರಸ್ತೆಯಲ್ಲೇ ನಿಂತು ಜೋರಾಗಿ ಕೇಳುತ್ತಾರೆ. ಎರಡನೆಯದನ್ನು ಕೇಳುವವರು ಪಕ್ಕದ ಗಿರಾಕಿ ಹೋಗುವವರೆಗೆ ಕಾದು, ಕೌಂಟರಿನ ಮೇಲೆ ಬಾಗುತ್ತಾರೆ. "ಚೀಟಿ ಇಲ್ಲ. ಸಣ್ಣದೊಂದು ಇದ್ದರೆ ಕೊಡಿ. ರಾತ್ರಿಯೆಲ್ಲ ಕಣ್ಣಿಗೆ ಕಣ್ಣು ಹತ್ತುವುದಿಲ್ಲ."

ಆ ಗದ್ದಲದಲ್ಲಿ ಅವರಿಗೆ ಎರಡು ಮಾತಿಗಿಂತ ಹೆಚ್ಚು ಹೇಳಲಾಗುವುದಿಲ್ಲ. ಹಿಂದೆ ಯಾರೋ ಇನ್ಸುಲಿನ್‌ಗೆ ನಿಂತಿರುತ್ತಾರೆ, ಮತ್ತೊಬ್ಬರ ಕಂಕುಳಲ್ಲಿ ಜ್ವರದ ಮಗು ಇರುತ್ತದೆ. ಅಲ್ಲಿ ಹೇಳಲಾಗದೆ ಉಳಿದದ್ದನ್ನು ಇಲ್ಲಿ ನಿಧಾನವಾಗಿ ಬರೆಯುತ್ತಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ನಿದ್ದೆಗೆಟ್ಟವರ ಮನೆಗೆ ಹೊಸ ಮಾತ್ರೆ ಹೋಗುವ ಮುಂಚೆ, ಆ ಮನೆಯಲ್ಲಿ ಈಗಾಗಲೇ ಏನೇನಿದೆ ಎಂದು ನೋಡಬೇಕು. ನಿದ್ದೆ ಕೆಡಿಸುವ ಕಾರಣ ಎಷ್ಟೋ ಸಲ ಅಲ್ಲೇ, ಔಷಧಿ ಡಬ್ಬಿಯಲ್ಲೋ ಸಂಜೆಯ ಚಹಾದಲ್ಲೋ ಮಲಗುವ ವೇಳೆಯಲ್ಲೋ ಕುಳಿತಿರುತ್ತದೆ.

ವೈದ್ಯರು ನಿದ್ದೆಗೆಂದು ಬರೆಯುವ ಆಲ್ಪ್ರಜೋಲಮ್, ಡಯಾಜೆಪಾಮ್, ನೈಟ್ರಜೆಪಾಮ್, ಜೋಲ್ಪಿಡೆಮ್‌ಗಳನ್ನು ಚೀಟಿಯಿಲ್ಲದೆ ಕೊಡುವಂತಿಲ್ಲ. 2014ರ ಮಾರ್ಚ್‌ನಿಂದ ಇವು ಶೆಡ್ಯೂಲ್ ಎಚ್1 ಎಂಬ ಪಟ್ಟಿಯಲ್ಲಿವೆ. ಸ್ಟ್ರಿಪ್ ತಿರುಗಿಸಿ ನೋಡಿದರೆ ಕೆಂಪು ಬಣ್ಣದ ಆರ್‌ಎಕ್ಸ್ ಗುರುತು, ಕೆಂಪು ಗೆರೆಯ ಚೌಕಟ್ಟಿನೊಳಗೆ ಎಚ್ಚರಿಕೆಯ ಮಾತು ಕಾಣುತ್ತವೆ. ಕೊಟ್ಟ ಪ್ರತಿ ಸಲವೂ ವೈದ್ಯರ ಹೆಸರು, ರೋಗಿಯ ಹೆಸರು, ಔಷಧಿ, ಪ್ರಮಾಣ ಎಲ್ಲವನ್ನೂ ಪ್ರತ್ಯೇಕ ಪುಸ್ತಕದಲ್ಲಿ ಬರೆದು, ಅದನ್ನು 3 ವರ್ಷ ಕಾಪಾಡಬೇಕು. ಪರಿಚಯದವರಿಗೂ ಇಲ್ಲ ಎಂದಾಗ ಮುನಿಸಿಕೊಳ್ಳುತ್ತಾರೆ. ಆದರೂ ಈ ನಿಯಮ ಸರಿ ಎಂದೇ ನಾನು ನಂಬಿದ್ದೇನೆ. ಈ ಮಾತ್ರೆಗಳು ಕೆಲವೇ ವಾರಗಳಲ್ಲಿ ರೂಢಿಯಾಗಿಬಿಡುತ್ತವೆ. ವಯಸ್ಸಾದವರು ನಡುರಾತ್ರಿ ಬಚ್ಚಲಿಗೆ ಎದ್ದಾಗ ತೂರಾಡಿ ಬಿದ್ದು ಸೊಂಟದ ಮೂಳೆ ಮುರಿದುಕೊಳ್ಳುವುದರ ಹಿಂದೆಯೂ ಇವು ಇರುತ್ತವೆ.

ಚೀಟಿ ಇಲ್ಲದವರು ಮುಂದೆ ಕೇಳುವುದು ಶೀತದ ಮಾತ್ರೆ. ಹಿಂದೊಮ್ಮೆ ನೆಗಡಿಯಾದಾಗ ಅದನ್ನು ನುಂಗಿ ಗಾಢವಾಗಿ ಮಲಗಿದ ನೆನಪು ಅವರಿಗಿರುತ್ತದೆ. ಆ ನೆನಪು ಸುಳ್ಳಲ್ಲ. ಕ್ಲೋರ್‌ಫೆನಿರಮಿನ್, ಫೆನಿರಮಿನ್, ಡೈಫೆನ್‌ಹೈಡ್ರಮಿನ್ ಮುಂತಾದ ಹಳೆಯ ಅಲರ್ಜಿ ಔಷಧಿಗಳು ಹಿಸ್ಟಮಿನ್ ಎಂಬ ರಾಸಾಯನಿಕವನ್ನು ತಡೆಯುತ್ತವೆ. ಮೂಗಿನಲ್ಲಿ ಸೀನು ತರಿಸುವ ಅದೇ ಹಿಸ್ಟಮಿನ್ ಮೆದುಳಿನಲ್ಲಿ ನಮ್ಮನ್ನು ಎಚ್ಚರವಾಗಿಡುತ್ತದೆ. ಅಲ್ಲಿಯೂ ಅದನ್ನು ತಡೆದರೆ ಮಂಪರು ಬರುತ್ತದೆ. ವಿದೇಶಗಳಲ್ಲಿ ನಿದ್ದೆಗೆಂದೇ ಚೀಟಿಯಿಲ್ಲದೆ ಮಾರುವ ಮಾತ್ರೆಗಳಲ್ಲಿ ಹೆಚ್ಚಿನವು ಇದೇ ಡೈಫೆನ್‌ಹೈಡ್ರಮಿನ್, ಇಲ್ಲವೇ ಅದರ ಸೋದರ ಡಾಕ್ಸಿಲಮಿನ್. ಆದರೆ ಸತತವಾಗಿ ತೆಗೆದುಕೊಂಡರೆ ಕೆಲವೇ ದಿನಗಳಲ್ಲಿ ಮೆದುಳು ಇದಕ್ಕೆ ಒಗ್ಗಿಕೊಂಡು ಮಂಪರು ಕಡಿಮೆಯಾಗುತ್ತದೆ, ಬೇರೆ ತೊಂದರೆಗಳು ಮಾತ್ರ ಹಾಗೇ ಉಳಿಯುತ್ತವೆ. ಕ್ಲೋರ್‌ಫೆನಿರಮಿನ್ ಅರ್ಧದಷ್ಟು ಮೈಯಿಂದ ಹೊರಹೋಗಲು ಸುಮಾರು 20 ಗಂಟೆ ಬೇಕು. ರಾತ್ರಿ ಒಂಬತ್ತಕ್ಕೆ ನುಂಗಿದ್ದು ಮರುದಿನ ಸಂಜೆ ಐದಕ್ಕೂ ಅರ್ಧ ಉಳಿದಿರುತ್ತದೆ. ಆ ದಿನ ಬೆಳಿಗ್ಗೆ ಪಿ.ಬಿ. ರಸ್ತೆಯಲ್ಲಿ ಬೈಕ್ ಓಡಿಸುವವರು ಇದನ್ನು ಯೋಚಿಸಬೇಕು.

ನಮ್ಮ ಅಂಗಡಿಗೆ ಬರುವ ಹಿರಿಯರೊಬ್ಬರು ಹತ್ತಿ ಗಿರಣಿಯಲ್ಲಿ ದುಡಿದು ನಿವೃತ್ತರಾದವರು. ಸುಡುವ ಮೇ ತಿಂಗಳಲ್ಲೂ ಶೀತದ ಮಾತ್ರೆಯ ಸ್ಟ್ರಿಪ್ ಕೇಳುತ್ತಿದ್ದರು. ಒಂದು ಮಧ್ಯಾಹ್ನ ಅಂಗಡಿ ಖಾಲಿಯಿದ್ದಾಗ ಅವರನ್ನು ಸ್ಟೂಲಿನ ಮೇಲೆ ಕೂರಿಸಿ, "ಮೂಗು ಸೋರುತ್ತದೆಯೇ?" ಎಂದು ಕೇಳಿದೆ. ಇಲ್ಲವೆಂದರು. ಬಾಯಿ ಒಣಗುತ್ತದೆಯೇ, ಮಲಬದ್ಧತೆ ಇದೆಯೇ, ಮೂತ್ರ ಸರಾಗವಾಗಿ ಆಗುತ್ತದೆಯೇ ಎಂದು ಒಂದೊಂದಾಗಿ ಕೇಳುತ್ತಾ ಹೋದೆ. ಬಾಯಿ ಅಂಟಂಟು ಎಂದರು. ಮೂತ್ರದ ಮಾತಿಗೆ ಸುಮ್ಮನಾದರು. ಆಮೇಲೆ ತಗ್ಗಿದ ದನಿಯಲ್ಲಿ, ಬಂದಂತಾಗುತ್ತದೆ, ಹೋಗಿ ನಿಂತರೆ ಹನಿ ಹನಿ ಎಂದರು. ಪ್ರಾಸ್ಟೇಟ್ ಗ್ರಂಥಿ ದೊಡ್ಡದಾಗಿರುವ ಗಂಡಸರಿಗೆ ಈ ಹಳೆಯ ಅಲರ್ಜಿ ಮಾತ್ರೆಗಳು ಮೂತ್ರವನ್ನು ಪೂರ್ತಿ ಕಟ್ಟಿಹಾಕಬಲ್ಲವು. ವಯಸ್ಸಾದವರಲ್ಲಿ ಮರೆವು, ಗೊಂದಲ, ಕಾಲು ತಪ್ಪಿ ಬೀಳುವುದು ಇದರಿಂದ ಹೆಚ್ಚುತ್ತದೆ. ಅಮೆರಿಕದ ವೃದ್ಧರೋಗ ತಜ್ಞರ ಸಂಘ ಹಿರಿಯರಿಗೆ ಕೊಡಬಾರದ ಔಷಧಿಗಳ ಪಟ್ಟಿಯಲ್ಲಿ ಇವನ್ನು ಸೇರಿಸಿದೆ. "ಅಜ್ಜನಿಗೆ ಇತ್ತೀಚೆಗೆ ಅರಳುಮರಳು" ಎಂದು ಮನೆಯವರು ಹೇಳಿದಾಗ, ಅಜ್ಜ ರಾತ್ರಿ ಏನು ನುಂಗುತ್ತಾರೆ ಎಂದು ಒಮ್ಮೆ ನೋಡಿ ಎಂದು ನಾನು ಬೇಡಿಕೊಳ್ಳುವುದು ಇದೇ ಕಾರಣಕ್ಕೆ.

ಅದೇ ಮಧ್ಯಾಹ್ನ ಅವರ ಔಷಧಿ ಚೀಲವನ್ನೂ ಬಿಡಿಸಿ ನೋಡಿದೆ. ರಕ್ತದೊತ್ತಡದ ಮಾತ್ರೆಯಲ್ಲಿ ಹೈಡ್ರೋಕ್ಲೋರೋಥಯಜೈಡ್ ಬೆರೆತಿತ್ತು. ಜನರ ಬಾಯಲ್ಲಿ ಅದು ನೀರಿನ ಮಾತ್ರೆ, ಅಂದರೆ ಮೂತ್ರ ಹೆಚ್ಚಿಸುವಂಥದು. ಮರೆಯಬಾರದೆಂದು ಅವರು ಅದನ್ನು ರಾತ್ರಿ ಊಟದ ಜೊತೆ ನುಂಗುತ್ತಿದ್ದರು. ಆಮೇಲೆ ನಡುರಾತ್ರಿಯವರೆಗೆ ಎದ್ದೆದ್ದು ಓಡಾಡುತ್ತಿದ್ದರು. ನಿದ್ದೆಯಿಲ್ಲ ಎಂದು ಶೀತದ ಮಾತ್ರೆ, ಶೀತದ ಮಾತ್ರೆಯಿಂದ ಮೂತ್ರಕ್ಕೆ ತಡೆ, ತಡೆಯಿಂದ ಮತ್ತೆ ಮತ್ತೆ ಏಳುವುದು. ಅವರ ವೈದ್ಯರಿಗೆ ಫೋನ್ ಮಾಡಿ ವಿಷಯ ತಿಳಿಸಿದೆ. ಅವರು ಒತ್ತಡದ ಮಾತ್ರೆಯನ್ನು ಬೆಳಗಿನ ತಿಂಡಿಯ ಹೊತ್ತಿಗೆ ಬದಲಾಯಿಸಿ, ಶೀತದ ಮಾತ್ರೆ ನಿಲ್ಲಿಸಿ, ಪ್ರಾಸ್ಟೇಟ್ ಪರೀಕ್ಷೆಗೆ ಬರಲು ಹೇಳಿದರು. ಈಗ ಅವರು ಬೆಳಗಿನ ಜಾವಕ್ಕೆ ಮುಂಚೆ ಏಳುವುದು ಕಡಿಮೆ ಎನ್ನುತ್ತಾರೆ. ಹೊಸದಾಗಿ ಯಾವ ನಿದ್ದೆ ಔಷಧಿಯನ್ನೂ ಅವರು ಕೊಳ್ಳಲಿಲ್ಲ.

ಇಂಥದ್ದು ಅವರೊಬ್ಬರ ಕಥೆಯಲ್ಲ. ಉಬ್ಬಸಕ್ಕೂ ಸಂಧಿವಾತಕ್ಕೂ ಕೊಡುವ ಪ್ರೆಡ್ನಿಸೊಲೋನ್‌ನಂಥ ಸ್ಟೀರಾಯ್ಡ್ ಸಂಜೆ ತೆಗೆದುಕೊಂಡರೆ ಎಚ್ಚರ ಉಳಿಯುತ್ತದೆ, ಸಾಮಾನ್ಯವಾಗಿ ಅದನ್ನು ಬೆಳಿಗ್ಗೆಗೇ ಬರೆದಿರುತ್ತಾರೆ. ಕೆಲವು ತಲೆನೋವಿನ ಮಾತ್ರೆಗಳಲ್ಲಿ ಪ್ಯಾರಾಸಿಟಮಾಲ್ ಜೊತೆ ಕೆಫೀನ್ ಇರುತ್ತದೆ. ನಿದ್ದೆಗೆಟ್ಟು ತಲೆ ಸಿಡಿಯುತ್ತದೆಂದು ರಾತ್ರಿ ಹತ್ತಕ್ಕೆ ಅದನ್ನು ನುಂಗುವವರು ಎಷ್ಟೋ ಮಂದಿ. ಮೂಗು ಕಟ್ಟಿದ್ದನ್ನು ಬಿಡಿಸುವ ಕೆಲವು ಔಷಧಿಗಳು ಎದೆಬಡಿತ ಏರಿಸಿ ಎಚ್ಚರವಾಗಿಡುತ್ತವೆ. ಮಾತ್ರೆಯ ಹೊತ್ತನ್ನು ನೀವಾಗಿಯೇ ಬದಲಿಸಬೇಡಿ. ಆದರೆ "ಇದನ್ನು ಬೆಳಿಗ್ಗೆ ತೆಗೆದುಕೊಳ್ಳಬಹುದೇ?" ಎಂಬ ಒಂದು ಪ್ರಶ್ನೆಯನ್ನು ವೈದ್ಯರಿಗೆ ಕೇಳಿ. ಯಾರೂ ಕೇಳುವುದಿಲ್ಲ.

ಇನ್ನು ಹುಡುಗರು ಮೊಬೈಲ್‌ನಲ್ಲಿ ತೋರಿಸುವ ಬಣ್ಣದ ಗಮ್ಮಿಗಳು, ಅಂದರೆ ಮಿಠಾಯಿಯಂತೆ ಜಗಿದು ತಿನ್ನುವಂಥವು. ಅವುಗಳಲ್ಲಿರುವುದು ಮೆಲಟೋನಿನ್. ಕತ್ತಲಾಯಿತು ಎಂದು ಮೈಗೆ ಸಾರಲು ಮೆದುಳಿನ ಪೀನಿಯಲ್ ಗ್ರಂಥಿ ಸ್ರವಿಸುವ ಹಾರ್ಮೋನ್ ಅದು. ದೂರದ ದೇಶಕ್ಕೆ ವಿಮಾನದಲ್ಲಿ ಹೋಗಿ ಹಗಲು ರಾತ್ರಿ ಅದಲುಬದಲಾದವರಿಗೆ ಅದರಿಂದ ನಿಜವಾಗಿ ಉಪಯೋಗವಿದೆ. ಇಲ್ಲೇ ಊರಲ್ಲಿ ಇದ್ದು ನಿದ್ದೆ ಬಾರದವರಿಗೆ ಅದು ಮಾಡುವ ಸಹಾಯ ಚಿಕ್ಕದು. 2013ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟಾಗಿ ಪರಿಶೀಲಿಸಿದಾಗ, ನಿದ್ದೆ ಹತ್ತುವ ಸಮಯ ಸರಾಸರಿ 7 ನಿಮಿಷ ಕಡಿಮೆಯಾಯಿತು ಎಂದು ಕಂಡುಬಂತು. 2023ರಲ್ಲಿ ಅಮೆರಿಕದ ಮಾರುಕಟ್ಟೆಯ 25 ಗಮ್ಮಿಗಳನ್ನು ಪರೀಕ್ಷೆ ಮಾಡಿದಾಗ 22ರಲ್ಲಿ ಲೇಬಲ್‌ನ ಲೆಕ್ಕಕ್ಕೂ ಒಳಗಿದ್ದ ಪ್ರಮಾಣಕ್ಕೂ ತಾಳೆಯಾಗಲಿಲ್ಲ. ಒಂದರಲ್ಲಂತೂ ಮೆಲಟೋನಿನ್ ಇರಲೇ ಇಲ್ಲ. ತಿಂಗಳಿಗೆ ಅಷ್ಟು ದುಡ್ಡು ಸುರಿಯುವ ಬದಲು, ಮಲಗುವ ಕೋಣೆಯ ಬಿಳಿ ಟ್ಯೂಬ್‌ಲೈಟನ್ನು ಒಂಬತ್ತು ಗಂಟೆಗೆ ಆರಿಸಿ ಮಂದ ಹಳದಿ ದೀಪ ಹಾಕಿಕೊಳ್ಳಿ ಎನ್ನುತ್ತೇನೆ. ನಿಮ್ಮ ಸ್ವಂತ ಮೆಲಟೋನಿನ್‌ಗೆ ಅಷ್ಟು ಕತ್ತಲು ಸಾಕು.

ಅಶ್ವಗಂಧದ ಬಗ್ಗೆಯೂ ಕೇಳುತ್ತಾರೆ. ಸಣ್ಣ ಪುಟ್ಟ ಅಧ್ಯಯನಗಳಲ್ಲಿ ತುಸು ಗುಣ ಕಂಡಿದೆ, ಅಪರೂಪಕ್ಕೆ ಯಕೃತ್ತಿಗೆ ಪೆಟ್ಟಾದ ವರದಿಗಳೂ ಇವೆ. ಗರ್ಭಿಣಿಯರು, ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಮುಟ್ಟಬಾರದು.

ಮನೆಮದ್ದಿನ ವಿಷಯದಲ್ಲಿ ನನಗೆ ನಮ್ಮ ಅಜ್ಜಿಯರ ಮೇಲೆ ದೊಡ್ಡ ಗೌರವವಿದೆ, ಒಂದೆರಡು ಕಡೆ ಎಚ್ಚರಿಕೆಯೂ ಇದೆ. ಜಾಯಿಕಾಯಿಯನ್ನು ಹಾಲಿನಲ್ಲಿ ತೇಯ್ದು ಕುಡಿಯುವ ರೂಢಿ ಎಲ್ಲ ಕಡೆ ಇದೆ. ಸಾಣೆಕಲ್ಲಿನ ಮೇಲೆ ಎರಡು ಸುತ್ತು ತೇಯ್ದರೆ ದೊಡ್ಡವರಿಗೆ ತೊಂದರೆಯಿಲ್ಲ. ಆದರೆ ಪುಡಿ ಮಾಡಿ ಚಮಚಗಟ್ಟಲೆ ಹಾಕಿಕೊಳ್ಳುವವರಿದ್ದಾರೆ. ಸುಮಾರು 5 ಗ್ರಾಂ ದಾಟಿದರೆ ಜಾಯಿಕಾಯಿ ವಿಷ. ವಾಂತಿ, ಎದೆ ಡವಡವ, ಇಲ್ಲದ್ದು ಕಾಣುವುದು, ಎಲ್ಲವೂ ಆಗುತ್ತದೆ. ಹೆಚ್ಚು ಕಡಿಮೆ ಒಂದು ಇಡೀ ಕಾಯಿಯ ತೂಕವೇ ಅಷ್ಟು. ಹಸುಗೂಸು ಅಳುತ್ತದೆಂದು ಅದರ ನಾಲಗೆಗೆ ತೇಯ್ದು ನೆಕ್ಕಿಸುವುದನ್ನಂತೂ ದಯವಿಟ್ಟು ಬಿಡಿ. ಗಸಗಸೆ ಪಾಯಸ ಉಂಡ ಮಧ್ಯಾಹ್ನ ಜಮಖಾನೆ ಹಾಸಿ ಉರುಳುವ ಸುಖ ಹಬ್ಬದ ಮನೆಯಲ್ಲಿ ಎಲ್ಲರಿಗೂ ಗೊತ್ತು. ಗಸಗಸೆ ಅಫೀಮು ಗಿಡದ್ದೇ ಬೀಜ. ತೊಳೆದು ಹುರಿದು ಅರೆದ ಮೇಲೆ ಅದರಲ್ಲಿ ಉಳಿಯುವ ಅಫೀಮಿನ ಅಂಶ ಲೆಕ್ಕಕ್ಕೆ ಬಾರದಷ್ಟು ಕಡಿಮೆ. ಬೆಲ್ಲ, ಕಾಯಿಹಾಲು, ತುಂಬಿದ ಹೊಟ್ಟೆ ಉಳಿದ ಕೆಲಸ ಮಾಡುತ್ತವೆ. (ಗಲ್ಫ್ ದೇಶಗಳಿಗೆ ಹೋಗುವ ಮಕ್ಕಳ ಪೆಟ್ಟಿಗೆಯಲ್ಲಿ ಮಾತ್ರ ಗಸಗಸೆ ಕಟ್ಟಿ ಕಳಿಸಬೇಡಿ. ಅಲ್ಲಿ ಅದು ನಿಷಿದ್ಧ, ಜೈಲು ಸೇರಿದವರಿದ್ದಾರೆ.) ನಿದ್ದೆ ತರುವುದರಲ್ಲಿ ಎಮ್ಮೆಯ ಹಾಲು ಶ್ರೇಷ್ಠ ಎಂದು ಆಯುರ್ವೇದ ಹೇಳುತ್ತದೆ. ಬಿಸಿ ಹಾಲು ಒಂದು ಸಣ್ಣ ಲೋಟ ಕುಡಿಯಿರಿ, ಹಸಿದ ಹೊಟ್ಟೆಯಲ್ಲಿ ಮಲಗುವುದಕ್ಕಿಂತ ಎಷ್ಟೋ ಮೇಲು. ದೊಡ್ಡ ಲೋಟ ಕುಡಿದರೆ ಮೂತ್ರಕ್ಕೆ ಏಳಬೇಕಾಗುತ್ತದೆ.

ಅಜ್ಜಿಯರ ಮದ್ದಿನಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಅಂಗಾಲಿಗೆ ಎಣ್ಣೆ ತಿಕ್ಕುವುದು ಮತ್ತು ಸಂಜೆಯ ಬಿಸಿನೀರು. ನಿದ್ದೆ ಹತ್ತಬೇಕಾದರೆ ಮೈಯೊಳಗಿನ ತಾಪ ಒಂದಿಷ್ಟು ಇಳಿಯಬೇಕು. ಆ ತಾಪ ಹೊರಗೆ ಹೋಗುವುದು ಹೆಚ್ಚಾಗಿ ಅಂಗೈ ಅಂಗಾಲುಗಳ ಮೂಲಕ. ಬೆಚ್ಚಗಿನ ನೀರು ಬಿದ್ದಾಗ ಅಲ್ಲಿನ ರಕ್ತನಾಳಗಳು ಅರಳುತ್ತವೆ, ಸ್ನಾನ ಮುಗಿಸಿ ಒಂದು ಗಂಟೆಯಲ್ಲಿ ಒಡಲು ತಣಿಯುತ್ತದೆ. ಮಲಗುವುದಕ್ಕೆ ಒಂದೆರಡು ಗಂಟೆ ಮುಂಚೆ 40ರಿಂದ 42 ಡಿಗ್ರಿಯ ಬಿಸಿನೀರಿನ ಸ್ನಾನ ಮಾಡಿದವರಿಗೆ ಸುಮಾರು 10 ನಿಮಿಷ ಬೇಗ ನಿದ್ದೆ ಹತ್ತಿತು ಎಂದು 2019ರ ಒಂದು ಪರಾಮರ್ಶೆ ಹೇಳಿತು. ಗಮ್ಮಿಯ 7 ನಿಮಿಷದ ಪಕ್ಕದಲ್ಲಿ ಇದನ್ನಿಟ್ಟು ನೋಡಿ. ಬಾಣಲೆಯಂಥ ಬೇಸಿಗೆಯಲ್ಲಿ ಬಿಸಿನೀರು ಹೇಗೆ ಎಂದು ಕೇಳುತ್ತಾರೆ. ಉಗುರು ಬೆಚ್ಚಗಿನ ನೀರಾದರೂ ಸಾಕು, ಮೈ ಒರೆಸದೆ ಹಾಗೇ ಫ್ಯಾನಿನ ಕೆಳಗೆ ಐದು ನಿಮಿಷ ಕೂತರೆ ತಣ್ಣಗಾಗುತ್ತದೆ.

ಬೇಸಿಗೆಯ ಮಾತು ಬಂದ ಮೇಲೆ ನಮ್ಮ ಮಾಳಿಗೆಗಳ ಬಗ್ಗೆ ಹೇಳಲೇಬೇಕು. ಇಡೀ ದಿನ ಬಿಸಿಲುಂಡ ಕಾಂಕ್ರೀಟು ರಾತ್ರಿ ಹನ್ನೊಂದಾದರೂ ಕೋಣೆಯೊಳಗೆ ಕಾವು ಉಗುಳುತ್ತಿರುತ್ತದೆ. ನಿಟ್ಟುವಳ್ಳಿಯಲ್ಲೂ ವಿನೋಬನಗರದಲ್ಲೂ ಮೇಲಿನ ಅಂತಸ್ತಿನ ಬಾಡಿಗೆ ಮನೆಗಳಲ್ಲಿ ಇರುವವರು ಕಿಟಕಿಯನ್ನು ಸಂಜೆ ಏಳಕ್ಕೇ ಸೊಳ್ಳೆಗೆ ಹೆದರಿ ಮುಚ್ಚಿರುತ್ತಾರೆ. ಭದ್ರಾ ನಾಲೆಯ ಗದ್ದೆಗಳು ಊರಿನ ಸುತ್ತ ಇರುವಾಗ ಸೊಳ್ಳೆ ತಪ್ಪಿದ್ದಲ್ಲ. ಸೊಳ್ಳೆ ಪರದೆ ಕಟ್ಟಿ ಕಿಟಕಿ ತೆರೆಯಿರಿ. ಪರದೆಯ ಖರ್ಚು ಒಂದೇ ಸಲದ್ದು, ಹೊಗೆಯಿಲ್ಲ, ವಾಸನೆಯಿಲ್ಲ. ಹಿಂದಿನವರು ಮಾಳಿಗೆಗೆ ನಾಲ್ಕು ಕೊಡ ನೀರು ಚೆಲ್ಲಿ, ಚಾಪೆ ಹಾಸಿ ಮೇಲೆಯೇ ಮಲಗುತ್ತಿದ್ದರು. ಸುತ್ತ ಗೋಡೆ ಭದ್ರವಾಗಿದ್ದು ಪರದೆ ಕಟ್ಟಲು ನಾಲ್ಕು ಗೂಟವಿದ್ದರೆ ಇವತ್ತಿಗೂ ಅದಕ್ಕೆ ಸಾಟಿಯಿಲ್ಲ.

ಸಂಜೆಯ ಮಿರ್ಚಿ ಮಂಡಕ್ಕಿಯನ್ನು ಬಿಡಿ ಎಂದು ದಾವಣಗೆರೆಯವರಿಗೆ ಹೇಳುವ ಅಧಿಕಾರ ನನಗಿಲ್ಲ, ಇಷ್ಟವೂ ಇಲ್ಲ. ಹೊತ್ತನ್ನು ಮಾತ್ರ ನೋಡಿಕೊಳ್ಳಿ. ರಾತ್ರಿ ಒಂಬತ್ತಕ್ಕೆ ರಾಮ್ ಅಂಡ್ ಕೋ ವೃತ್ತದಲ್ಲಿ ಎಣ್ಣೆಯಿಂದ ಆಗತಾನೇ ಎದ್ದ ಮಿರ್ಚಿ ತಿಂದು ಹತ್ತೂವರೆಗೆ ಅಂಗಾತ ಮಲಗಿದರೆ ಹುಳಿ ಎದೆಗೆ ಏರುತ್ತದೆ, ಎಚ್ಚರವಾಗುತ್ತದೆ. ಅದೇ ಮಿರ್ಚಿ ಆರು ಗಂಟೆಗಾದರೆ ಹೊಟ್ಟೆಗೆ ಬಿಡುವು ಸಿಗುತ್ತದೆ. ಅದರ ಜೊತೆಗಿನ ಚಹಾ ಇನ್ನೂ ಮುಖ್ಯ. ನಾವು ಎಚ್ಚರವಿದ್ದಷ್ಟೂ ಹೊತ್ತು ಮೆದುಳಿನಲ್ಲಿ ಅಡೆನೋಸಿನ್ ಎಂಬುದು ಕೂಡುತ್ತಾ ಹೋಗುತ್ತದೆ, ನಿದ್ದೆಯ ಹಸಿವು ಹುಟ್ಟಿಸುವುದು ಅದೇ. ಕೆಫೀನ್ ಅದರ ಜಾಗದಲ್ಲಿ ಕುಳಿತು ಹಸಿವನ್ನು ಮರೆಸುತ್ತದೆ. ಮೈಯಲ್ಲಿ ಅರ್ಧ ಕರಗಲು ಸುಮಾರು 5 ಗಂಟೆ ಬೇಕು. ಸಂಜೆ ಆರರ ಚಹಾದ ಅರ್ಧ ಕೆಫೀನ್ ರಾತ್ರಿ ಹನ್ನೊಂದಕ್ಕೂ ಇರುತ್ತದೆ. "ನಾನು ಕಾಫಿ ಕುಡಿದೇ ಮಲಗುತ್ತೇನೆ, ಏನೂ ಆಗುವುದಿಲ್ಲ" ಎನ್ನುವವರು ಮಲಗುತ್ತಾರೆ ನಿಜ, ಆದರೆ ಅವರ ನಿದ್ದೆ ತೆಳುವಾಗಿರುತ್ತದೆ. ಮದ್ಯದ ಕಥೆಯೂ ಅಷ್ಟೇ. ಬೇಗ ಮಲಗಿಸಿ, ಎರಡು ಮೂರು ಗಂಟೆಗೆ ಎಬ್ಬಿಸಿ ಕೂರಿಸುತ್ತದೆ.

ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂಬ ಗಾದೆ ನನಗೆ ಸಂಪೂರ್ಣ ಒಪ್ಪಿಗೆಯಿಲ್ಲ. ನಿದ್ದೆ ಬಾರದವರೆಲ್ಲ ಚಿಂತೆ ಹಚ್ಚಿಕೊಂಡವರು, ಮನಸ್ಸು ಗಟ್ಟಿಯಿಲ್ಲದವರು ಎಂಬ ಮಾತು ಅದರಿಂದ ಹುಟ್ಟುತ್ತದೆ. ನಿಜವಾಗಿ ನೋಡಿದರೆ, ಯಾವುದೋ ಕಾರಣಕ್ಕೆ ಕೆಲವು ರಾತ್ರಿ ನಿದ್ದೆ ತಪ್ಪಿದ ಮೇಲೆ ನಿದ್ದೆಯೇ ಚಿಂತೆಯಾಗುತ್ತದೆ. ಎಂಟೂವರೆಗೇ ಹಾಸಿಗೆ ಸೇರುತ್ತಾರೆ, ಹೆಚ್ಚು ಹೊತ್ತು ಮಲಗಿದರೆ ಹೆಚ್ಚು ನಿದ್ದೆ ಸಿಕ್ಕೀತು ಎಂದು. ಹೊರಳಾಡುತ್ತಾರೆ, ಗಡಿಯಾರ ನೋಡುತ್ತಾರೆ. ಕಡೆಗೆ ಹಾಸಿಗೆ ಕಂಡರೇ ಎಚ್ಚರವಾಗುವಂತಾಗುತ್ತದೆ. ಇದಕ್ಕೆ ಮದ್ದು ಹುಡುಕಿದವರು ರಿಚರ್ಡ್ ಬೂಟ್ಜಿನ್ ಎಂಬ ಮನೋವಿಜ್ಞಾನಿ, 1972ರಲ್ಲಿ. ಕಣ್ಣು ಎಳೆಯುವವರೆಗೆ ಹಾಸಿಗೆಗೆ ಹೋಗಬೇಡಿ, ಇಪ್ಪತ್ತು ನಿಮಿಷದಷ್ಟು ಹೊತ್ತು ನಿದ್ದೆ ಹತ್ತದಿದ್ದರೆ ಎದ್ದು ಬೇರೆ ಕಡೆ ಮಂದ ಬೆಳಕಿನಲ್ಲಿ ಕುಳಿತಿರಿ, ತೂಕಡಿಕೆ ಬಂದಾಗ ಮರಳಿ ಹೋಗಿ, ರಾತ್ರಿ ಎಷ್ಟೇ ಕೆಟ್ಟದಾಗಿದ್ದರೂ ಬೆಳಿಗ್ಗೆ ಅದೇ ಗಂಟೆಗೆ ಏಳಿ. ಇದರ ಜೊತೆಗೆ ಹಾಸಿಗೆಯ ಮೇಲೆ ಕಳೆಯುವ ಹೊತ್ತನ್ನು ಕಡಿತ ಮಾಡುವುದನ್ನೂ ಯೋಚನೆಯ ದಾರಿ ತಿದ್ದುವುದನ್ನೂ ಸೇರಿಸಿ ಬೆಳೆದ ಚಿಕಿತ್ಸೆಯನ್ನು, ದೀರ್ಘಕಾಲದ ನಿದ್ರಾಹೀನತೆಗೆ ಯಾವ ಮಾತ್ರೆಗಿಂತಲೂ ಮೊದಲು ಕೊಡಬೇಕೆಂದು ಅಮೆರಿಕನ್ ಕಾಲೇಜ್ ಆಫ್ ಫಿಜಿಶಿಯನ್ಸ್ ಎಂಬ ವೈದ್ಯರ ಸಂಘ 2016ರಲ್ಲಿ ಶಿಫಾರಸು ಮಾಡಿತು.

ಮೊದಲ ಒಂದೆರಡು ವಾರ ಇದು ಕಷ್ಟ. ಹಗಲು ಕಣ್ಣು ಉರಿಯುತ್ತದೆ, ಮಧ್ಯಾಹ್ನ ಉರುಳೋಣ ಅನ್ನಿಸುತ್ತದೆ. ತಡೆದುಕೊಳ್ಳಿ. ಇದರಲ್ಲಿ ಒಂದನ್ನೇ ಆರಿಸಿಕೊಳ್ಳಿ ಎಂದರೆ ನಾನು ಹೇಳುವುದು ಏಳುವ ಗಂಟೆ. ಬೆಳಿಗ್ಗೆ ಆರಕ್ಕೆ ಎದ್ದು ಕುಂದುವಾಡ ಕೆರೆಯ ಏರಿಯ ಮೇಲೆ ಅರ್ಧ ಗಂಟೆ ನಡೆದು ಬನ್ನಿ. ಕಣ್ಣಿಗೆ ಬಿದ್ದ ಆ ಬೆಳಕು ರಾತ್ರಿ ಎಷ್ಟು ಹೊತ್ತಿಗೆ ನಿದ್ದೆ ಬರಬೇಕೆಂದು ಮೈಯ ಗಡಿಯಾರವನ್ನು ತಿದ್ದಿಡುತ್ತದೆ. ಎಂಟೂವರೆಗೆ ಮಲಗಿ ಮೂರಕ್ಕೆ ಎಚ್ಚರವಾಯಿತೆಂದು ದುಃಖಿಸುವ ಹಿರಿಯರು ಒಮ್ಮೆ ಲೆಕ್ಕ ಹಾಕಬೇಕು. ಅಷ್ಟರಲ್ಲಿ ಆರೂವರೆ ಗಂಟೆಯ ನಿದ್ದೆ ಮುಗಿದಿರುತ್ತದೆ. ಹತ್ತಕ್ಕೆ ಮಲಗಿದರೆ ಅದೇ ನಿದ್ದೆ ನಾಲ್ಕೂವರೆವರೆಗೆ ಬರುತ್ತದೆ.

ಈ ಊರಿನಲ್ಲಿ ಎಲ್ಲರಿಗೂ ಆರು ಗಂಟೆಯ ಬೆಳಕಿನ ಭಾಗ್ಯವಿಲ್ಲ ಎನ್ನುವುದೂ ಗೊತ್ತು. ಮಂಡಕ್ಕಿ ಭಟ್ಟಿಗಳಲ್ಲಿ ಊರು ಮಲಗಿರುವಾಗಲೇ ಕೆಲಸ ಶುರುವಾಗುತ್ತದೆ. ಬೆಂಕಿಯ ಮುಂದೆ ನಿಂತು ದುಡಿದವರು ಹಗಲು ಮಲಗಬೇಕು, ಆಗ ಮನೆಯಲ್ಲಿ ಟಿ.ವಿ., ಬೀದಿಯಲ್ಲಿ ತರಕಾರಿ ಗಾಡಿಯ ಕೂಗು. ಅವರಿಗೆ ಬೇಕಾದದ್ದು ಕಿಟಕಿಗೆ ದಪ್ಪ ಕಪ್ಪು ಬಟ್ಟೆ, ಕಿವಿಗೆ ಹತ್ತಿ, ದಿನವೂ ಒಂದೇ ಹೊತ್ತಿನ ಮಲಗುವಿಕೆ, ಮತ್ತು ಆ ಹೊತ್ತಿನಲ್ಲಿ ಮನೆಯವರು ಬಾಗಿಲು ಬಡಿಯದಿರುವ ದಯೆ. ರಾತ್ರಿ ಪಾಳಿಯವರ ನಿದ್ದೆಯನ್ನು ಸೋಮಾರಿತನವೆಂದು ಕರೆಯುವುದನ್ನು ಕೇಳಿದಾಗ ನನಗೆ ಸಿಟ್ಟು ಬರುತ್ತದೆ.

ಕೆಲವರಿಗೆ ಇದಾವುದೂ ಸಾಲದು, ಅವರು ಕೌಂಟರಿನ ಮುಂದೆ ನಿಲ್ಲದೆ ನೇರ ವೈದ್ಯರ ಬಳಿಗೆ ಹೋಗಬೇಕು. ಜೋರಾಗಿ ಗೊರಕೆ ಹೊಡೆಯುತ್ತಾ ನಡುವೆ ಉಸಿರು ನಿಂತು ಒಮ್ಮೆಲೇ ಗೊಳ್ ಎಂದು ಏಳುವವರು ಅಂಥವರು. ಅವರಿಗೆ ನಿದ್ದೆ ಮಾತ್ರೆ ಅಪಾಯ. ರಾತ್ರಿ ಮಲಗಿದೊಡನೆ ಕಾಲಿನೊಳಗೆ ಏನೋ ಹರಿದಾಡಿದಂತಾಗಿ, ಅಲ್ಲಾಡಿಸದೆ ಇರಲಾಗದ ಹೆಣ್ಣುಮಕ್ಕಳು ತುಂಬ ಇದ್ದಾರೆ. "ನರದ ದೌರ್ಬಲ್ಯ" ಎಂದು ತಾವೇ ಹೆಸರಿಟ್ಟುಕೊಂಡು ವಿಟಮಿನ್ ಕೊಳ್ಳುತ್ತಾರೆ. ಎಷ್ಟೋ ಸಲ ಅದರ ಹಿಂದೆ ಕಬ್ಬಿಣದ ಕೊರತೆ ಇರುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 57ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಫೆರಿಟಿನ್ ಎಂಬ ರಕ್ತಪರೀಕ್ಷೆ ಮಾಡಿಸಿ. ಶೀತದ ಮಾತ್ರೆ ಈ ಕಾಲಿನ ಕಾಟವನ್ನು ಇನ್ನೂ ಹೆಚ್ಚಿಸುತ್ತದೆ. ಬೆಳಗಿನ ಜಾವ ಎಚ್ಚರವಾಗಿ, ಬದುಕೇ ಬೇಡ ಅನ್ನಿಸುವವರು ಯಾರನ್ನೂ ಕಾಯಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು, ಹಣ ಕೊಡಬೇಕಿಲ್ಲ.

ಈಗಾಗಲೇ ವರ್ಷಗಳಿಂದ ಆಲ್ಪ್ರಜೋಲಮ್ ತೆಗೆದುಕೊಳ್ಳುತ್ತಿರುವವರು ಇದನ್ನು ಓದಿ ಇವತ್ತೇ ನಿಲ್ಲಿಸಬೇಡಿ. ಏಕಾಏಕಿ ಬಿಟ್ಟರೆ ನಡುಕ, ವಿಪರೀತ ಗಾಬರಿ, ಕೆಲವರಿಗೆ ಫಿಟ್ಸ್ ಕೂಡ ಬರುತ್ತದೆ. ವೈದ್ಯರು ಅದನ್ನು ವಾರಗಟ್ಟಲೆ, ಬೇಕಾದರೆ ತಿಂಗಳುಗಟ್ಟಲೆ, ಚೂರು ಚೂರಾಗಿ ಇಳಿಸುತ್ತಾರೆ. ಅವರ ಬಳಿಗೆ ಹೋಗುವಾಗ ಮನೆಯಲ್ಲಿರುವ ಎಲ್ಲ ಸ್ಟ್ರಿಪ್‌ಗಳು, ಚೂರ್ಣದ ಡಬ್ಬಿ, ಗಮ್ಮಿ ಬಾಟಲಿ, ತಲೆನೋವಿನ ಮಾತ್ರೆಯ ಉಳಿದ ತುಂಡು ಎಲ್ಲವನ್ನೂ ಒಂದು ಚೀಲದಲ್ಲಿ ಹಾಕಿಕೊಂಡು, ಯಾವುದನ್ನು ಎಷ್ಟು ಗಂಟೆಗೆ ನುಂಗುತ್ತೀರಿ ಎಂದು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ಬರೆಯುವುದು ಕಷ್ಟವಾದರೆ ನಿಮ್ಮ ಹತ್ತಿರದ ಅಂಗಡಿಯ ಔಷಧಿಕಾರರನ್ನು ಕೇಳಿ. ಮಧ್ಯಾಹ್ನ ಮೂರರಿಂದ ಐದರವರೆಗೆ ನಮ್ಮಲ್ಲಿ ಗಿರಾಕಿಗಳು ಕಡಿಮೆ, ಕುಳಿತು ಬರೆದುಕೊಡಲು ಸಮಯವಿರುತ್ತದೆ.